ನಲವತ್ತೊಂಬತ್ತು ಕಿಲೋದ ಹುಡುಗಿ

ಶರಣ ತಂದೆತಾಯಂದಿರೆ, ಪೋರ್ಚುಗಲ್ ಅಂತ ಒಂದು ದೇಶ. ಹಿಂದೆ ಹಡಗು ಹತ್ತಿ ಗೋವಾಕ್ಕೆ ಬಂದು ಕೂತಿದ್ದರಲ್ಲ, ಅವರ ದೇಶ. ಅಲ್ಲಿ ಸಮುದ್ರದ ದಂಡೆಯ ಊರೊಂದರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ತಾಯಿ ಬೇಕರಿ ನಡೆಸುತ್ತಿದ್ದಳು. ಮಗಳಿಗೆ ಟೇಕ್ವಾಂಡೋ ಹುಚ್ಚು.

"ಅಂದ್ರ ಕರಾಟೆ ಏನ್ರಿ ಅಜ್ಜಾರ?" ಅಂತ ಹಿಂದಿನಿಂದ ಯಾರೋ ಕೇಳಿದಿರಿ. ಅದರ ತಂಗಿ ಅಂದುಕೊಳ್ಳಿ. ಹೆಚ್ಚಾಗಿ ಕಾಲಿನಿಂದ ಒದೆಯುವ ಆಟ. ನೋಡಿ, ಈ ಆಟದಲ್ಲಿ ಯಾರು ಯಾರ ಜೊತೆ ಸೆಣಸಬೇಕು ಅನ್ನುವುದನ್ನು ತೂಕ ಹೇಳುತ್ತದೆ. ಇವಳದು ನಲವತ್ತೊಂಬತ್ತು ಕಿಲೋದ ಗುಂಪು. ಹದಿನೆಂಟಕ್ಕೇ ಆ ಗುಂಪಿನಲ್ಲಿ ದೇಶಕ್ಕೆ ಮೊದಲಿಗಳಾದಳು. ಪೇಪರಿನಲ್ಲಿ ಫೋಟೋ ಬಂತು. ಬೇಕರಿಯ ಗೋಡೆಗೂ ಬಂತು.

ವರ್ಷ ಕಳೆದವು. ಎಲುಬು ಬಲಿಯಿತು, ಮೈ ತುಂಬಿತು. ತುಂಬಬಾರದೇ? ಆದರೆ ಅವಳು ಗುಂಪು ಬಿಡಲಿಲ್ಲ. ಮೇಲಿನ ಗುಂಪಿಗೆ ಹೋದರೆ ತನ್ನನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ ಎಂಬ ಹೆದರಿಕೆ. ಪಂದ್ಯಕ್ಕೆ ವಾರ ಇರುವಾಗ ಊಟ ಬಿಡುವಳು. ಆಮೇಲೆ ನೀರೂ ಬಿಡುವಳು. ಗಮ್ ಅಗಿದು ಅಗಿದು ಬಾಯಿಯ ನೀರನ್ನು ಡಬ್ಬಿಗೆ ಉಗುಳುವಳು, ಅಷ್ಟಾದರೂ ತೂಕ ಇಳಿಯಲಿ ಅಂತ! ತಾಯಿ ಇಡೀ ಊರಿಗೆ ಬ್ರೆಡ್ ಸುಟ್ಟು ಕೊಡುತ್ತಾಳೆ, ಮಗಳು ತುಣುಕು ಮುಟ್ಟುವುದಿಲ್ಲ. ಆ ತಾಯಿಯ ಜೀವ ಎಷ್ಟು ನೊಂದಿರಬೇಕು, ಹೇಳಿ.

ಒಲಿಂಪಿಕ್ಸಿಗೆ ಹೋಗಲು ಕೊನೆಯ ಅವಕಾಶದ ಪಂದ್ಯ ಬಂತು. ತಕ್ಕಡಿ ಹತ್ತಿದಳು. ಇನ್ನೂರು ಗ್ರಾಂ ಹೆಚ್ಚು. ಇನ್ನೊಮ್ಮೆ ತೂಗಲು ಒಂದು ತಾಸು ಕೊಟ್ಟರು. ಓಡಿದಳು, ಬೆವರಿದಳು, ಸೊಂಟದವರೆಗಿನ ಕೂದಲನ್ನು ಕತ್ತರಿಯಿಂದ ಕಚಕಚ ಕತ್ತರಿಸಿಕೊಂಡಳು. ಮತ್ತೆ ಹತ್ತಿದಳು. ಎಂಬತ್ತು ಗ್ರಾಂ ಹೆಚ್ಚು! ಒಂದು ಒದೆತವನ್ನೂ ಒದೆಯದೆ ಅವಳು ಪಂದ್ಯದಿಂದ ಹೊರಬಿದ್ದಳು.

ನೆಲಕ್ಕೆ ಕುಸಿದು, ತಕ್ಕಡಿಯನ್ನು ಬೈಯುತ್ತಾ ಅತ್ತಳು. ಕಲಿಸಿದ ಮುದುಕ ಗುರು ಪಕ್ಕದಲ್ಲಿ ಬಂದು ಕೂತ. ಅವರ ಭಾಷೆಯಲ್ಲಿ ಏನಂದನೋ, ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಯಾಕವ್ವಾ ತಕ್ಕಡಿನ್ನ ಬೈತಿ? ಅದೇನು ತಪ್ಪು ಮಾಡೇತಿ? ನೀ ಬೆಳದೀ ಅಂತ ಹೇಳಾಕತ್ತೇತಿ, ಅಷ್ಟ."

"ಮ್ಯಾಲಿನ ಗುಂಪಿನಾಗ ನಾ ಯಾರ್ರೀ?" ಅಂದಳು.

"ಯಾರೂ ಅಲ್ಲ. ಮೊದಲ್ನೇ ದಿನ ನನ್ನ ಹತ್ರ ಬಂದಾಗರ ನೀ ಯಾರಿದ್ದಿ?"

ಐವತ್ತೇಳು ಕಿಲೋದ ಗುಂಪಿಗೆ ಹೋದಳು. ಮೊದಲ ಪಂದ್ಯದಲ್ಲೇ, ತನಗಿಂತ ಎಂಟು ವರ್ಷ ಚಿಕ್ಕವಳಿಂದ ಒದೆ ತಿಂದು ಸೋತಳು. ಸೋತು ಅವಳಿಗೆ ತಲೆಬಾಗಿ, "ಆ ಒದೆತ ನನಗೂ ತೋರಿಸು" ಅಂತ ಕೇಳಿದಳು. ಪದಕ ಬಂತೇ ಅಂತ ಕೇಳುತ್ತೀರಿ. ಮೂರು ವರ್ಷದ ನಂತರ ಒಂದು ಕಂಚು ಬಂತು. ಆದರೆ ಉಂಡು, ನಿದ್ದೆ ಮಾಡಿ, ನಗುತ್ತಾ ಆಡಿದ್ದು ಆ ಮೂರೇ ವರ್ಷ ಅಂತ ಅವಳೇ ಹೇಳಿಕೊಂಡಳು.

ನಗಬೇಡಿ, ಈಗ ನಿಮ್ಮ ಸರದಿ. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಮನೆಯವರನ್ನೆಲ್ಲ ಆಫೀಸಿನ ಸಿಬ್ಬಂದಿಯಂತೆ ಕರೆಯುವವರು ಇಲ್ಲಿ ಇಲ್ಲವೇ? ಮಗಳಿಗೇ ಮಕ್ಕಳಾದರೂ ಅವಳು ಉಡುವ ಸೀರೆಯ ಬಣ್ಣ ತಾನೇ ಹೇಳುವ ತಾಯಿ ಇಲ್ಲವೇ? ಇಪ್ಪತ್ತು ವರ್ಷದಿಂದ ಸಂಘದ ಕುರ್ಚಿ ಬಿಡದವರು? ಗೆದ್ದ ಜಾಗವನ್ನು ಬಿಡಲು ಹೆದರಿ ನಾವೆಲ್ಲ ಒಳಗೊಳಗೇ ಉಪವಾಸ ಬಿದ್ದಿದ್ದೇವೆ. ಬೇರೆಯವರ ಮಾತೇಕೆ? ಮೂವತ್ತು ವರ್ಷದಿಂದ ಈ ಪೀಠದಲ್ಲಿ ಕೂತು ಹೇಳುತ್ತಲೇ ಇದ್ದೇನೆ. ಕೆಳಗೆ ಕೂತು ಕೇಳುವುದು ನನಗೆ ಮರೆತೇ ಹೋಗಿದೆ.

ಅದಕ್ಕೆ ನಾಳೆ ಒಂದು ಕೆಲಸ ಮಾಡಿ. ಭಜನೆಯಲ್ಲಿ ವರ್ಷಗಟ್ಟಲೆ ತಾಳ ಹಿಡಿದವರು ಅದನ್ನು ಬೇರೆಯವರಿಗೆ ಕೊಟ್ಟು ಹಾರ್ಮೋನಿಯಂ ಮುಂದೆ ಕೂತುಕೊಳ್ಳಿ. ತಪ್ಪು ನುಡಿಸಿ, ನಗಿಸಿಕೊಳ್ಳಿ. ಸೊಸೆಯ ಮುಂದೆ, ಮೊಮ್ಮಗನ ಮುಂದೆ, ಕೈಕೆಳಗೆ ದುಡಿಯುವವರ ಮುಂದೆ ಒಮ್ಮೆಯಾದರೂ "ನನಗ ಬರೂದಿಲ್ಲ, ಹೇಳಿಕೊಡು" ಅನ್ನಿ. ನಾಲಿಗೆ ತಡವರಿಸುತ್ತದೆ, ಬಲ್ಲೆ. ನನಗೂ ಹಾಗೆಯೇ. ನಾಳೆ ಸಂಜೆ ಈ ಪೀಠದಲ್ಲಿ ನಿಮ್ಮಲ್ಲೊಬ್ಬರು ಕೂತು ಮಾತಾಡಿ. ನಾನು ಕೆಳಗೆ ಜಮಖಾನೆಯ ಮೇಲೆ ಕೂತು ಕೇಳುತ್ತೇನೆ.