ಒಳಗಿನ ಮೋಟಾರು

ಹೊಸೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಕೀಮೋ ವಾರ್ಡಿನ ಹೊರಗೆ ಕುಳಿತಿದ್ದೆ. ಕಿಟಕಿಯ ಬಿಸಿಲಿಗೆ ಎಲ್ಲರಿಗೂ ತೂಕಡಿಕೆ. ಪಕ್ಕದಲ್ಲಿ ತಲೆಗೆ ಸೆರಗು ಹೊದ್ದ ವಸಂತಮ್ಮ, ಸಿಂಗಸಂದ್ರದವರು. ಜೊತೆಗೆ ಅವರ ಮನೆಯಲ್ಲಿ ಬಾಡಿಗೆಗಿರುವ ಸೌಮ್ಯಾ, ಲ್ಯಾಬಿನಲ್ಲಿ ಕೆಲಸ ಮಾಡುವವಳು.

“ಮೊದಲು ಗಡ್ಡೆ ಕರಗ್ತಿತ್ತು. ಈಗ್ಯಾಕೆ ಅದೇ ಮದ್ದು ನಾಟ್ತಿಲ್ಲ ಸೌಮ್ಯಾ?”

“ನಮ್ಮ ಬೇಸ್‌ಮೆಂಟಿಗೆ ನೀರು ಬಂದ್ರೆ ಮೋಟಾರು ತಾನಾಗೇ ಎತ್ತಿ ಆಚೆ ಹಾಕುತ್ತಲ್ಲ ಆಂಟಿ, ಕ್ಯಾನ್ಸರ್ ಕಣದ ಗೋಡೇಲೂ ಅಂಥ ಪ್ರೋಟೀನ್ ಇರುತ್ತೆ. ಒಳಗೆ ಬಂದ ಔಷಧೀನ ಆಚೆ ಹಾಕ್ಬಿಡುತ್ತೆ. ಬರ್ತಾ ಬರ್ತಾ ಅಂಥವು ಜಾಸ್ತಿ ಆಗ್ತವೆ.”

“ಕೆರೆ ಮುಚ್ಚಿ ಮನೆ ಕಟ್ಟಿದ್ರೆ ಅಂಗೇ ಕಣಮ್ಮ. ಆ ಮೋಟಾರು ಸದ್ದಿಲ್ದಿದ್ರೆ ನಂಗೀಗ ನಿದ್ದೇನೇ ಬರಲ್ಲ.”

“ಆ ಪ್ರೋಟೀನ್‌ಗಳು ಒಳ್ಳೆ ಕಣದಲ್ಲೂ ಇರ್ತವೆ ಆಂಟಿ. ವಿಷ ಆಚೆ ಹಾಕೋದೇ ಅವುಗಳ ಕೆಲಸ.”

“ಪಾಪ, ಮನೆ ಕಾಯ್ತಾ ಐತೆ. ಯಾರ ಮನೆ ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೆ.”

“ಇವತ್ತಿಂದ ಬೇರೆ ಔಷಧ. ಅದನ್ನ ಅವು ಗುರುತು ಹಿಡಿಯೋದು ಕಷ್ಟ ಅಂದ್ರು ಡಾಕ್ಟ್ರು. ಅದರ ಹೆಸರು...”

ವಸಂತಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದರು.

“ಇಲ್ಲಿ ಯೋಳ್ಬೇಡ. ಒಳಗಿನ ಮೋಟಾರಿಗೂ ಕೇಳಿಸ್ತದೆ.”

ನರ್ಸ್ ಕರೆದಳು. ಮಲಗಿದವರು ಯಾರೋ ಎದ್ದುಬಿಡುತ್ತಾರೆ ಎಂಬಂತೆ, ವಸಂತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ನಡೆದರು.