ಹೊಸ ಹಾಸಿಗೆ

ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ನರ್ಸಮ್ಮನಿಗೆ ಕಣ್ಣು ಎಳೆಯುತ್ತಿತ್ತು. ಆದರೆ ಪಕ್ಕದಲ್ಲಿ ನಿಂತ ಇಬ್ಬರ ಮಾತಿಗೆ ನಿದ್ದೆ ಹಾರಿಹೋಯಿತು. ಒಬ್ಬರು ದಾನದ ದುಡ್ಡಲ್ಲಿ ನಡೆಯುವ ಅಂಧ ಮಕ್ಕಳ ಶಾಲೆಯ ಹೆಡ್‌ಮೇಷ್ಟ್ರು, ಇನ್ನೊಬ್ಬ ಅಲ್ಲಿಗೆ ಹೊಸದಾಗಿ ಸೇರಿದ ಮೇಷ್ಟ್ರು. ಹೆಡ್‌ಮೇಷ್ಟ್ರು ಸಿಡಿಮಿಡಿಗುಟ್ಟುತ್ತಿದ್ದರು.

“ಖರ್ಚಿನ ಲೆಕ್ಕ ಬೋರ್ಡಿಗೆ ಹಾಕ್ಬೇಕು ಅಂತ ಕಾನೂನಿದೆ, ಹಾಕಿದ್ವಿ. ಓದಿ ಹೇಳಿ ಅಂತ ನಿಮಗೆ ಯಾರ್ರೀ ಹೇಳಿದ್ದು?”

“ಬೋರ್ಡು ಕೈಗೆ ತಗುಲಿ ಮಕ್ಕಳೇ ಕೇಳಿದ್ರು ಸಾರ್, ಏನು ಬರೆದಿದೆ ಅಂತ.”

“ಯಾರೂ ಓದಬಾರದು ಅಂತಲೇ ಅಲ್ವೇನ್ರೀ ಅದನ್ನ ಹಾಸ್ಟೆಲಿನ ಒಳಗೆ ಹಾಕಿದ್ದು!”

“ನನಗೇನು ಗೊತ್ತು ಸಾರ್? ‘ಎಲ್ಲಾ ಮಕ್ಕಳಿಗೂ ಹೊಸ ಹಾಸಿಗೆ’ ಅಂತ ಓದ್ತಿದ್ದ ಹಾಗೇ, ಎಲ್ಲಾ ಓಡಿಹೋಗಿ ಅವರವರ ಹಾಸಿಗೆ ತಡವಿ ನೋಡ್ಕೊಂಡು ಬಂದ್ವು.”

“ಅಯ್ಯೋ ದೇವರೇ. ಗಲಾಟೆ ಮಾಡಿದ್ವಾ?”

“ಇಲ್ಲ. ಒಬ್ಬಳು ಪುಟ್ಟ ಹುಡುಗಿ ಮಾತ್ರ ಕೇಳಿದ್ಲು. ‘ಮೇಷ್ಟ್ರೇ, ಹೊಸದು ಅಂದ್ರೆ ಹೀಗೇ ಇರುತ್ತಾ?’ ಅಂತ.”

ಹೆಡ್‌ಮೇಷ್ಟ್ರ ದನಿ ತಗ್ಗಿತು.

“ನೀವೇನಂದ್ರಿ?”

“ಮನೇಲಿ ಹೆಂಡತಿ ಬಸುರಿ ಸಾರ್. ಈ ಕೆಲಸ ಬಿಟ್ರೆ ಬೇರೆ ಗತಿ ಇಲ್ಲ.”

“ಅದಿರ್ಲಿ, ಏನಂದ್ರಿ?”

“ಹೂಂ ಕಣಮ್ಮಾ, ಹೀಗೇ ಇರುತ್ತೆ ಅಂದೆ.”

“ಸದ್ಯ, ಬದುಕಿದ್ವಿ.”

ಬಸ್ಸು ಬಂತು. ಹೆಡ್‌ಮೇಷ್ಟ್ರು ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟನ್ನು ಹೊಸ ಮೇಷ್ಟ್ರಿಗೇ ಬಿಟ್ಟುಕೊಟ್ಟರು.