ಕಂಬಳಿ ಸುತ್ತಿಟ್ಟ ಮಾಂಸ

...ಅದನ್ನ ಯಾಕೆ ಚುಚ್ತೀ ಮಹಾರಾಯ್ತಿ? ಮಾಂಸಕ್ಕೇನು ಜ್ವರ ಬಂದಿದೆಯಾ, ಥರ್ಮಾಮೀಟರ್ ಇಟ್ಟು ನೋಡೋದಕ್ಕೆ? ಆಸ್ಪತ್ರೆ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದ್ದೇ ಸಿಕ್ಕಿದ್ದು, ನಿನ್ನ ಕಣ್ಣಿಗೆ ಪಾತ್ರೆಗಳೂ ರೋಗಿಗಳ ಹಾಗೇ ಕಾಣುತ್ತವೆ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ, ಮೊದಲು ಆ ಕಡ್ಡಿ ತೆಗಿ.

ಹೌದು, ನಿನ್ನೆ ಸಂಜೆ ಬೇಯಿಸಿದ್ದು. ಹೌದು, ಫ್ರಿಜ್‌ನಲ್ಲಿ ಇಟ್ಟಿಲ್ಲ. ಇಷ್ಟು ದೊಡ್ಡ ಪಾತ್ರೆ ಹಿಡಿಸೋ ಫ್ರಿಜ್ ಯಾರ ಮನೆಯಲ್ಲಿದೆ? ಗೊತ್ತು, ಗೊತ್ತು... ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ ಆರಿಸಬೇಕಿತ್ತು. ಕೇಳಿ ಕೇಳಿ ಕಿವಿ ತೂತಾಯ್ತು. ನಾನು ಹಾಗೆ ಮಾಡೋಳಲ್ಲ. ಕುದಿಯುವಾಗಲೇ ಮುಚ್ಚಳ ಬಿಗಿದು, ದೇವರ ಹೆಸರು ಹೇಳಿ, ಎರಡು ಕಂಬಳಿ ಸುತ್ತಿ...

ಯಾಕೆ ನಗ್ತೀ? ನಗು, ನಗು. ನಮ್ಮತ್ತೆ ಇದ್ದಷ್ಟು ಕಾಲ ಹೀಗೇ ಇಡ್ತಿದ್ರು. ಇವತ್ತು ಬೆಳಿಗ್ಗೆ ಕಂಬಳಿ ಬಿಚ್ಚಿದರೆ ಇನ್ನೂ ಉಗುರುಬೆಚ್ಚಗಿತ್ತು. ತಣ್ಣಗಾಗಿದ್ದು ಕೆಡುತ್ತೆ, ಸರಿ. ಬೆಚ್ಚಗಿರೋದು ಹೇಗೆ ಕೆಡುತ್ತೆ, ಹೇಳು? ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ನೀನು ನನ್ನ ಮೈದುನನ ಕೈಹಿಡಿದು ಬಂದಿದ್ದು ಮೊನ್ನೆ. ನಾಲ್ಕು ತಿಂಗಳ ತರಬೇತಿ, ತಲೆಗೊಂದು ಪ್ಲಾಸ್ಟಿಕ್ ಟೋಪಿ, ಅಷ್ಟಕ್ಕೇ ಅಡುಗೆಯ ಪಂಡಿತೆ.

ಮೂಸಿ ನೋಡು. ಹುಳಿ ವಾಸನೆ ಇದೆಯಾ? ನೊರೆ ಇದೆಯಾ? ಅಂಟಂಟಾಗಿದೆಯಾ? ವಾಸನೆಯಿಂದ ಗೊತ್ತಾಗಲ್ಲ ಅಂತೀಯಾ... ಹಾಗಾದರೆ ದೇವರು ಮೂಗು ಕೊಟ್ಟಿದ್ದು ಕನ್ನಡಕ ನಿಲ್ಲಿಸೋದಕ್ಕಾ? ಮತ್ತೆ ಹತ್ತು ನಿಮಿಷ ಕುದಿಸಿದ್ದೀನಿ. ಯಾವ ಹುಳ ಬದುಕುತ್ತೆ ಅದರಲ್ಲಿ? ಏನು? ಹುಳ ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತಾ? ಶಿವನೇ... ಇವಳ ಹತ್ತಿರ ಸತ್ತ ಹುಳವೂ ಸುಮ್ಮನಿರಲ್ಲ.

ಚೆಲ್ಲು ಅಂತ ಮಾತ್ರ ಹೇಳಬೇಡ. ಮಾವನವರು ಆಸ್ಪತ್ರೆಯಿಂದ ನಡೆದುಕೊಂಡು ಮನೆಗೆ ಬಂದರೆ ಹದಿನೆಂಟು ಜನಕ್ಕೆ ಊಟ ಹಾಕ್ತೀನಿ ಅಂತ ಹರಕೆ ಹೊತ್ತವಳು ನಾನು. ಅವರು ನಡೆದೇ ಬಂದರು. ಒಂದು ಗಂಟೆಗೆ ಜನ ಬರ್ತಾರೆ. ದೇವರಿಗೆ ಮಾತು ಕೊಟ್ಟ ಅನ್ನವನ್ನ ಚರಂಡಿಗೆ ಸುರಿಯೋ ಧೈರ್ಯ ನಿನಗಿರಬಹುದು, ನನಗಿಲ್ಲ. ನಂಬಿ ಮಾಡಿದ್ದನ್ನ ಅವನು ಕೈಬಿಡಲ್ಲ. ನೀನು ಒಂದೇ ಮಾತು ಹೇಳು, ಚೆನ್ನಾಗಿದೆ ಅಂತ. ನಿನ್ನ ಬಾಯಿಂದ, ಅಷ್ಟೇ. ನಿನ್ನ ವಿದ್ಯೆಗೆ ಅಷ್ಟೂ ಉಪಯೋಗ ಬೇಡವಾ?

ಹೇಳೇ.

ಬಚ್ಚಲ ಕಡೆ ಏನು ನೋಡ್ತೀ? ನಲ್ಲಿ ಸದ್ದು ಅದು. ಮಾವನವರು ಒಳಗಿದ್ದಾರೆ, ಸ್ನಾನಕ್ಕೆ. ವಯಸ್ಸಾದವರು, ನಿಧಾನ.

ಹಾಗೆ ನೋಡಬೇಡ ನನ್ನನ್ನ.

ಹರಕೆ ಯಾರಿಗಾಗಿ ಹೊತ್ತೆವೋ ಅವರೇ ಮೊದಲು ತಿನ್ನಬೇಕಲ್ಲವಾ... ಎಂಟು ಗಂಟೆಗೆ ಕೊಟ್ಟೆ. ಒಂದು ಬಟ್ಟಲು. ಚೆನ್ನಾಗಿದೆ ಅಂತ ಇನ್ನೊಂದು ಸೌಟು ಅವರೇ ಕೇಳಿ ಹಾಕಿಸಿಕೊಂಡರು.

ಹತ್ತೂವರೆಗೆ ಶುರುವಾಯ್ತು. ಆಸ್ಪತ್ರೆಯ ಮಾತ್ರೆಗಳಿಂದ ಇರಬೇಕು ಅಂದುಕೊಂಡೆ. ಮಾತ್ರೆಯಿಂದಲೂ ವಾಂತಿ ಆಗುತ್ತಲ್ಲ? ಆಗುತ್ತೆ ಅನ್ನು. ಒಂದು ಸಲ ಅನ್ನು. ಇದು ಐದನೇ ಸಲ ಅವರು ಒಳಗೆ ಹೋಗಿರೋದು. ನಿನ್ನನ್ನ ಕರೆಸಿದ್ದು... ಮಾಂಸ ತೋರಿಸೋದಕ್ಕಲ್ಲ ತಂಗಿ.

ನೀನು ಗೇಟು ತೆಗೆಯೋ ಮುಂಚೆ ಬಾಗಿಲು ತಟ್ಟಿದ್ದೆ. ಆಗ ಹೂಂ ಅಂದರು. ಆಮೇಲೆ ತಟ್ಟೋಕೆ ನನ್ನ ಕೈ ಏಳಲಿಲ್ಲ.

ನೀನು ಕೂಗು. ನಿನ್ನ ದನಿ ಅಂದರೆ ಅವರಿಗೆ ಇಷ್ಟ.